ನೇತ್ರಾಣಿಯ ಹವಳಲೋಕ

ಕುಂದಗೋಳ, ನವಲಗುಂದಗಳ ಎರೆಭೂಮಿಯ ಮೇಲೆ ಬಿದ್ದ ಮಳೆನೀರು ಬೆಣ್ಣಿಹಳ್ಳವನ್ನು ಕೂಡಿ, ಮಲಪ್ರಭೆಯ ಮೂಲಕ ಕೃಷ್ಣೆಯನ್ನು ಸೇರಿ ಪೂರ್ವಸಮುದ್ರದತ್ತ ನಡೆಯುತ್ತದೆ. ಕಲಘಟಗಿಯ ಸೀಮೆಯಲ್ಲಿ ಬಿದ್ದ ಮಳೆಯಾದರೋ ಬೇಡ್ತಿಯನ್ನು ಹಿಡಿದು, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿಯೆಂಬ ಹೆಸರನ್ನು ತಳೆದು, ಅಂಕೋಲೆಯ ಬಳಿ ಅರಬ್ಬೀ ಸಮುದ್ರದಲ್ಲಿ ಲೀನವಾಗುತ್ತದೆ. ಹೀಗೆ ಎರಡು ಕಡಲುಗಳಿಗೆ ನೀರನ್ನು ಕಳುಹಿಸುವ ನಮ್ಮ ಧಾರವಾಡ ಜಿಲ್ಲೆಯ ಗ್ರಾಮವಾಸಿಗಳಲ್ಲಿ ಕಡಲಿನ ಗರ್ಭವನ್ನು ಕಣ್ಣಾರೆ ಕಂಡವರು ವಿರಳ. ಕಾಣಬೇಕೆಂಬ ಕುತೂಹಲವುಳ್ಳವರು ದೇಶಾಂತರ ಹೋಗಬೇಕಾದುದಿಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳನ್ನು ಹಾಯ್ದು, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯಿಂದ ದಕ್ಷಿಣಕ್ಕೆ ತಿರುಗಿ ಮುರ್ಡೇಶ್ವರವನ್ನು ತಲಪಿದರೆ, ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ.

ಜನವಸತಿಯಿಲ್ಲದ, ಕಡಿದಾದ ಬಂಡೆಗಳ, ದಟ್ಟವಾಗಿ ಗಿಡಮರ ಬೆಳೆದ ಈ ನಡುಗಡ್ಡೆಯ ಮೇಲೆ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಕರಾವಳಿಯ ಮೀನುಗಾರರು ಇದನ್ನು ಭಕ್ತಿಯಿಂದ ಕಾಣುತ್ತಾರೆ. ನೌಕಾಪಡೆಯು ಇದನ್ನು ಗುರಿಯಭ್ಯಾಸಕ್ಕೆ ಬಳಸಿದ್ದೂ ಉಂಟು. ಆದರೆ ನೇತ್ರಾಣಿಯ ನಿಜವಾದ ವೈಭವವಿರುವುದು ನೀರಿನ ಕೆಳಗೆ, ಬಂಡೆಗಳ ಬುಡವನ್ನು ಆವರಿಸಿಕೊಂಡಿರುವ ಹವಳದ ದಿಬ್ಬಗಳಲ್ಲಿ.

ನಮ್ಮ ಹೆಣ್ಣುಮಕ್ಕಳ ಕೊರಳಿನ ಸರದಲ್ಲಿರುವ ಕೆಂಪು ಹವಳವು ಬಹುಮಟ್ಟಿಗೆ ದೂರದ ಮೆಡಿಟರೇನಿಯನ್ ಸಮುದ್ರದಿಂದ ಬರತಕ್ಕದ್ದು. ದಿಬ್ಬಗಳನ್ನು ಕಟ್ಟುವ ಹವಳದ ಕುಲವೇ ಬೇರೆ. ಗಿಡದಂತೆ ಕವಲೊಡೆದು ನಿಂತಿದ್ದರೂ ಅದು ಗಿಡವಲ್ಲ, ಅಸಂಖ್ಯಾತ ಸೂಕ್ಷ್ಮಪ್ರಾಣಿಗಳ ಸಮುದಾಯ. ಒಂದೊಂದು ಜೀವಿಯೂ ಕಡಲನೀರಿನಲ್ಲಿ ಕರಗಿದ ಸುಣ್ಣವನ್ನು ಹೀರಿ ತನ್ನ ಸುತ್ತ ಗಟ್ಟಿಯಾದ ಆಸರೆಯನ್ನು ನಿರ್ಮಿಸಿಕೊಳ್ಳುತ್ತದೆ. ಅದರ ಒಡಲಿನಲ್ಲಿ ವಾಸಿಸುವ ಪಾಚಿಯ ಕಣಗಳು ಸೂರ್ಯಪ್ರಕಾಶದಿಂದ ಆಹಾರವನ್ನು ತಯಾರಿಸಿ, ಆಶ್ರಯ ಕೊಟ್ಟ ಪ್ರಾಣಿಗೂ ಅದರಲ್ಲಿ ಪಾಲು ಕೊಡುತ್ತವೆ. ಹವಳಕ್ಕೆ ಬಣ್ಣ ಬರುವುದೂ ಬಹುಪಾಲು ಇವುಗಳಿಂದಲೇ. ಗುಂಡಾಗಿ ಬೆಳೆಯುವ ಹವಳವು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಹೆಚ್ಚಿದರೆ ಅದೇ ದೊಡ್ಡದು. ಎರೆಮಣ್ಣಿನ ಒಂದು ಅಂಗುಲ ಪದರಕ್ಕೆ ಎಷ್ಟು ತಲೆಮಾರುಗಳ ಕಾಲ ಬೇಕೆಂಬುದನ್ನು ಬಲ್ಲ ಒಕ್ಕಲಿಗನಿಗೆ ಈ ಮಂದಗತಿಯ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಪಾಚಿಗೆ ಬೆಳಕು ಬೇಕು, ಬೆಳಕಿಗೆ ತಿಳಿನೀರು ಬೇಕು. ಘಟ್ಟವನ್ನಿಳಿಯುವ ನದಿಗಳು ಮಳೆಗಾಲದಲ್ಲಿ ಕೆಮ್ಮಣ್ಣನ್ನು ಹೊತ್ತು ತಂದು ಕರಾವಳಿಯ ನೀರನ್ನು ರಾಡಿಮಾಡುವುದರಿಂದ ದಡದ ಬಳಿ ಹವಳವು ಸಮೃದ್ಧವಾಗಿ ಬೆಳೆಯಲಾರದು; ದಡದಿಂದ ದೂರ ನಿಂತ ನೇತ್ರಾಣಿಗೆ ತಿಳಿನೀರಿನ ಭಾಗ್ಯ ಒದಗಿದೆ. ಹೊಲಕ್ಕೆ ಒಡ್ಡು ಹಾಕಿ ಮಣ್ಣನ್ನು ತಡೆದಿಡುವ ಕಲಘಟಗಿಯ ರೈತನು ತನಗರಿವಿಲ್ಲದೆಯೇ ಕಡಲಿಗೂ ಉಪಕಾರ ಮಾಡುತ್ತಿದ್ದಾನೆ.

ನೇತ್ರಾಣಿಯು ಹವಳವು ಸುತ್ತುವರಿದ ಶಿಲಾದ್ವೀಪ. ಹವಳದಿಂದಲೇ ಆದ ಉಂಗುರದಾಕಾರದ ದ್ವೀಪಗಳನ್ನು ಕಾಣಬೇಕಾದರೆ ಇನ್ನೂ ಪಶ್ಚಿಮಕ್ಕೆ, ಲಕ್ಷದ್ವೀಪಕ್ಕೆ ಹೋಗಬೇಕು. ಜ್ವಾಲಾಮುಖಿಯಿಂದ ಹುಟ್ಟಿದ ನಡುಗಡ್ಡೆಯು ಮೆಲ್ಲಮೆಲ್ಲನೆ ಕುಸಿಯುತ್ತಿದ್ದಂತೆ ಅದರ ಅಂಚಿನ ಹವಳವು ಬೆಳಕನ್ನರಸಿ ಮೇಲೆಮೇಲೆ ಬೆಳೆದು, ಕೊನೆಗೆ ಬೆಟ್ಟವು ಮರೆಯಾಗಿ ನಡುವೆ ಶಾಂತವಾದ ಸರೋವರವನ್ನುಳ್ಳ ಉಂಗುರವೊಂದೇ ಉಳಿಯುತ್ತದೆಂದು ಚಾರ್ಲ್ಸ್ ಡಾರ್ವಿನ್ 1842ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ 1952ರಲ್ಲಿ ಕೊರೆದು ನೋಡಿದಾಗ, ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪನಾದ ಹವಳಸುಣ್ಣದ ಕೆಳಗೆ ಜ್ವಾಲಾಮುಖಿಯ ಶಿಲೆಯೇ ದೊರೆತು ಆ ಊಹೆ ಸತ್ಯವಾಯಿತು. ಲಕ್ಷದ್ವೀಪಕ್ಕೂ ನಮ್ಮ ಕರಾವಳಿಗೂ ಹಳೆಯ ನಂಟಿದೆ; ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ಮೊದಲಾದವು 1787ರಲ್ಲಿ ಟಿಪ್ಪು ಸುಲ್ತಾನನ ವಶವಾಗಿ, ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, 1956ರವರೆಗೂ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದವು.

ನೇತ್ರಾಣಿಗೆ ದೋಣಿಯ ಪ್ರಯಾಣ ಸುಮಾರು ಒಂದೂವರೆ ಗಂಟೆಯದು. ಈಜು ಬಾರದವರೂ ಶಿಕ್ಷಕರ ಸಂಗಡ, ಬೆನ್ನಿಗೆ ಸಿಲಿಂಡರನ್ನು ಕಟ್ಟಿಕೊಂಡು ನೀರಿನೊಳಗೆ ಮುಳುಗುವ ಸ್ಕೂಬಾ ಡೈವಿಂಗ್ ಮಾಡಬಹುದು. ಬೆನ್ನಿನ ಸಿಲಿಂಡರಿನಲ್ಲಿರುವುದು ಅನೇಕರು ಭಾವಿಸುವಂತೆ ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡವು ಇಮ್ಮಡಿಯಾಗುವುದರಿಂದ ಮೂಗನ್ನು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡವನ್ನು ಸರಿದೂಗಿಸಿಕೊಳ್ಳಬೇಕು. ಉಸಿರನ್ನು ಮಾತ್ರ ಎಂದಿಗೂ ಬಿಗಿಹಿಡಿಯಬಾರದು. ಹೃದ್ರೋಗ, ಉಬ್ಬಸಗಳುಳ್ಳವರು ವೈದ್ಯರನ್ನು ಕೇಳದೆ ಇಳಿಯಲಾಗದು. ಕೆಳಗೆ ಚಿಟ್ಟೆಮೀನುಗಳ ಹಿಂಡು ಹಾದುಹೋಗುತ್ತದೆ. ಗಿಳಿಮೀನು ಕೊಕ್ಕಿನಂಥ ಬಾಯಿಂದ ಹವಳವನ್ನು ಕೆರೆದು ತಿಂದು ಬಿಳಿಯ ಮರಳಾಗಿ ಹೊರಹಾಕುತ್ತದೆ. ಹವಳದ್ವೀಪಗಳ ಬೆಳ್ಳನೆಯ ದಂಡೆಗಳಲ್ಲಿ ಬಹುಭಾಗ ಇದರ ಕೊಡುಗೆಯೇ.

ಆದರೆ ಈ ಹವಳಲೋಕ ಬಹು ನಾಜೂಕಾದುದು. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳವು ತನ್ನ ಪಾಚಿಯನ್ನು ಹೊರದೂಡಿ, ಬಿಳಿಚಿ, ಹಸಿವಿನಿಂದ ಸಾಯಲೂಬಹುದು. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪವು ಈ ವಿಪತ್ತನ್ನು ಅನುಭವಿಸಿತು. ಅದನ್ನು ತಡೆಯುವುದು ಪ್ರವಾಸಿಯೊಬ್ಬನ ಶಕ್ತಿಗೆ ಮೀರಿದ್ದು. ಹವಳವನ್ನು ಮುಟ್ಟದೆ, ತುಳಿಯದೆ ಬರುವುದಾದರೋ ಎಲ್ಲರಿಗೂ ಸಾಧ್ಯ. ಹೋಗತಕ್ಕವರು ಮಳೆಗಾಲವನ್ನು ಬಿಟ್ಟು, ನವೆಂಬರಿನಿಂದ ಫೆಬ್ರವರಿಯೊಳಗೆ ಕಡಲು ಶಾಂತವಾಗಿರುವಾಗ ಹೋಗಲಿ. ನೆನಪಿಗೆಂದು ಒಂದು ಚೂರು ಹವಳವನ್ನೂ ತರದಿರಲಿ: 2001ರಿಂದ ದಿಬ್ಬ ಕಟ್ಟುವ ಹವಳಕ್ಕೆ ಹುಲಿಗಿರುವಂತೆಯೇ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ.