ಮಸಾಲೆ ಬೀಳುವ ಮೊದಲೇ ಬೆಕ್ಕಿನ ಪಾಲು

ಮೀನಿನವರ ಹಾರ್ನ್ ಕೇಳಿದರೆ ಸಾಕು, ಮನೆಯವರಿಗಿಂತ ಮೊದಲು ಗೇಟಿನ ಹತ್ತಿರ ಓಡುವುದು ಬೆಕ್ಕು. ಉಮ್ಮ ಹಿತ್ತಿಲಲ್ಲಿ ಮೀನು ಕ್ಲೀನ್ ಮಾಡಲು ಕೂತರೆ ಸುತ್ತ ಮೂರ್ನಾಲ್ಕು ಬಾಲಗಳು ನೆಟ್ಟಗೆ ನಿಂತಿರುತ್ತವೆ. ಅಬೂಹುರೈರಾ(ರ) ಅವರ ಹೆಸರಿನಲ್ಲೇ ಬೆಕ್ಕಿನ ಮರಿ ಇದೆ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿನ ಹದೀಸ್ ಮದ್ರಸದಲ್ಲೇ ಕೇಳಿದವರು ನಾವು. ಹಾಗಾಗಿ ಅದಕ್ಕೆ ಒಂದು ತುತ್ತು ಹಾಕದೆ ಉಣ್ಣಲು ಮನಸ್ಸು ಬರುವುದಿಲ್ಲ. ಆದರೆ ಏನು ಹಾಕುತ್ತೇವೆ ಎಂದು ಯೋಚಿಸುವುದು ಕಡಿಮೆ.

ಪೆರ್ನಾಲ್ ಮರುದಿನ ನಮ್ಮ ಮನೆಯಲ್ಲಿ ಉಳಿದ ಮಟನ್ ಗ್ರೇವಿಯನ್ನು ಅನ್ನಕ್ಕೆ ಕಲಸಿ ಬೆಕ್ಕಿಗೆ ಹಾಕಿದ್ದೆವು. ಖುಷಿಯಲ್ಲೇ ತಿಂದಿತು. ಮೂರು ದಿನ ಕಳೆದ ಮೇಲೆ ಮೂಲೆ ಬಿಟ್ಟು ಏಳಲಿಲ್ಲ. ವಸಡು ಬಿಳಿಚಿಕೊಂಡಿತ್ತು, ಮೂತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಪಶುವೈದ್ಯರ ಮೊದಲ ಪ್ರಶ್ನೆಯೇ, "ನೀರುಳ್ಳಿ ಇದ್ದದ್ದು ಏನಾದ್ರೂ ಕೊಟ್ಟಿದ್ದೀರಾ?" "ನಾನೇ ಕೊಟ್ಟದ್ದಲ್ವಾ" ಎಂದು ಉಮ್ಮ ಅತ್ತೇಬಿಟ್ಟರು. ಬೆಕ್ಕು ಉಳಿಯಿತು, ಆದರೆ ಚೇತರಿಸಲು ವಾರಗಳೇ ಬೇಕಾದವು.

ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ತೊಂದರೆ ಕಾಣಿಸಲು ಕೆಲವು ದಿನ ಹಿಡಿಯುವುದರಿಂದ ಕಾರಣವೂ ಹೊಳೆಯುವುದಿಲ್ಲ. ನಮ್ಮ ಯಾವ ಸಾರು, ಸುಕ್ಕ, ಬಿರಿಯಾನಿ ಇವೆರಡಿಲ್ಲದೆ ಆಗುತ್ತದೆ ಹೇಳಿ? ಪರಿಹಾರ ಸುಲಭ: ಪಾತ್ರೆಗೆ ಮಸಾಲೆ ಬೀಳುವ ಮೊದಲೇ ಬೆಕ್ಕಿನ ಪಾಲು ತೆಗೆದಿಡುವುದು.

ಬಂಗುಡೆ ಸಾರು

ಅರ್ಧ ಕಿಲೋ ಬಂಗುಡೆ ಕ್ಲೀನ್ ಮಾಡಿ, ಉಪ್ಪು ಹಾಕುವ ಮೊದಲು ಒಂದು ತುಂಡು ಬದಿಗಿಡಿ. ಅದನ್ನು ಬರೀ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಮುಳ್ಳು ಪೂರ್ತಿ ಬಿಡಿಸಿ, ಬೇಕಿದ್ದರೆ ಒಂದು ಚಮಚ ಅನ್ನ ಸೇರಿಸಿ. ಇದು ಬೆಕ್ಕಿಗೆ.

ನಮಗೆ: 8 ಬ್ಯಾಡಗಿ ಮೆಣಸು, 2 ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದುಕೊಳ್ಳಿ. ಒಂದು ಕಪ್ ತೆಂಗಿನ ತುರಿ, 5 ಎಸಳು ಬೆಳ್ಳುಳ್ಳಿ, ಸಣ್ಣ ನೀರುಳ್ಳಿ, ಅರಸಿನ, ನೆಲ್ಲಿಕಾಯಿ ಗಾತ್ರದ ಹುಳಿ ಸೇರಿಸಿ ನುಣ್ಣಗೆ ಕಡೆಯಿರಿ. ಮಸಾಲೆ ಚೆನ್ನಾಗಿ ಕುದಿದ ಮೇಲೆ ಉಪ್ಪು, ಜಜ್ಜಿದ ಶುಂಠಿ, ಮೀನು ಹಾಕಿ. 8 ನಿಮಿಷ ಬೆಂದರೆ ಸಾಕು. ಕೊನೆಗೆ ಒಂದು ಚಮಚ ತೆಂಗಿನೆಣ್ಣೆ.

ಕೋಳಿ ಪೆಪ್ಪರ್

ಎಲುಬಿಲ್ಲದ ಅರ್ಧ ಕಿಲೋ ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಿ. ಎರಡು ತುಂಡು ತೆಗೆದು ಬೆಕ್ಕಿಗೆ ಸಣ್ಣದಾಗಿ ಹರಿದಿಡಿ. ಉಳಿದದ್ದನ್ನು ಎಣ್ಣೆಯಲ್ಲಿ ಬಾಡಿಸಿದ ನೀರುಳ್ಳಿ, ಬೆಳ್ಳುಳ್ಳಿ, ಬೇವಿನೆಲೆಗೆ ಹಾಕಿ, ಉಪ್ಪು, 2 ಚಮಚ ಕರಿಮೆಣಸಿನ ಪುಡಿ ಸೇರಿಸಿ ನೀರು ಆರುವವರೆಗೆ ಹುರಿಯಿರಿ. ರೊಟ್ಟಿಗೂ ಆಗುತ್ತದೆ, ಗಂಜಿಗೂ ಆಗುತ್ತದೆ.

ಇವು ನೆನಪಿರಲಿ

* ಬೆಂದ ಕೋಳಿ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಿಗೂ ಕರುಳಿಗೂ ಅಪಾಯ.
* ಬೂತಾಯಿಯಂಥ ಮೀನನ್ನು ದಿನಾ ಹಸಿಯಾಗಿ ಹಾಕಿದರೆ ಬಿ1 ವಿಟಮಿನ್ ಕೊರತೆಯಾಗುತ್ತದೆ. ಬೇಯಿಸಿಯೇ ಕೊಡಿ.
* ಒಣಮೀನಿನಲ್ಲಿ ಉಪ್ಪು ಹೆಚ್ಚು, ಬೇಡ.
* ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ನೀರಿಡಿ.
* ತುಪ್ಪದನ್ನದ ಒಣದ್ರಾಕ್ಷಿ, ಚಾಕಲೇಟ್, ಚಹಾ, ಕಾಫಿ ಕೊಡಲೇಬೇಡಿ.
* ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯುತ್ತದೆ. ಜ್ವರವೆಂದು ನಮ್ಮ ಮಾತ್ರೆ ಕೊಡಬೇಡಿ.
* ಬೆಕ್ಕು ಮಾಂಸಾಹಾರಿ. ಬರೀ ಅನ್ನದಲ್ಲಿ, ಬರೀ ಮೀನಿನಲ್ಲಿ ಅದರ ಆರೋಗ್ಯ ನಿಲ್ಲುವುದಿಲ್ಲ. ಕೋಳಿ, ಬೇಯಿಸಿದ ಮೊಟ್ಟೆ, ಸಾಧ್ಯವಾದರೆ ಅಂಗಡಿಯ ಬೆಕ್ಕಿನ ಆಹಾರವೂ ಇರಲಿ.

ಈಗ ನಮ್ಮ ಅಡುಗೆಮನೆಯಲ್ಲಿ ಒಂದು ಸಣ್ಣ ಸ್ಟೀಲ್ ಪಾತ್ರೆ ಬೆಕ್ಕಿಗೆಂದೇ ಉಂಟು. ಉಮ್ಮ ಮಸಾಲೆಗೆ ಕೈ ಹಾಕುವ ಮೊದಲು ಅದು ಒಲೆ ಮೇಲೆ ಕೂತಿರುತ್ತದೆ.