ಪವರ್ ಟಿಲ್ಲರಿನ ಸವೆದ ಬೆಲ್ಟನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಟ್ರಾಕ್ಟರು ಇಳಿಯಲಾರದ ಸಣ್ಣ ತಾಕುಗಳಲ್ಲಿ ಎತ್ತುಗಳು ಮಾಡುತ್ತಿದ್ದ ಕೆಸರುಗದ್ದೆಯ ಉಳುಮೆಯನ್ನು ಈಗ ಬಹುಮಟ್ಟಿಗೆ ಪವರ್ ಟಿಲ್ಲರುಗಳೇ ಮಾಡುತ್ತಿರುವುವು. 1967ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿ. ಎಸ್. ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯವರ ಸಹಯೋಗದಿಂದ ಇವನ್ನು ತಯಾರಿಸತೊಡಗಿದ ಮೇಲೆ ಈ ಯಂತ್ರವು ನಮ್ಮ ರೈತರಿಗೆ ಚೆನ್ನಾಗಿ ಪರಿಚಿತವಾಗಿದೆ. ಆದರೆ ಎಂಜಿನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ರಬ್ಬರಿನ ಬೆಲ್ಟುಗಳ ಕಡೆಗೆ ಮಾತ್ರ, ಅವು ಹರಿಯುವವರೆಗೆ ಯಾರೂ ನೋಡುವುದಿಲ್ಲ. ನಾಟಿಯ ಭರದಲ್ಲಿ ಬೆಲ್ಟು ಹರಿದರೆ ಸರದಿಯ ನೀರು ಹರಿದುಹೋಗುವುದು. ಒಟ್ಟಲಿನ ಪೈರು ಬಲಿತು, ತೆಂಡೆ ಕಡಿಮೆಯಾಗಿ, ಇಳುವರಿ ಕುಗ್ಗುವುದು. ಅಲ್ಪ ಬೆಲೆಯ ವಸ್ತುವಿನ ಅಲಕ್ಷ್ಯದಿಂದ ಒಂದು ಬೆಳೆಯೇ ಹಿಂದೆ ಬೀಳುವುದು.

ಸವೆತದ ಗುರುತುಗಳು.— ಎಂಜಿನಿನ ಸದ್ದು ಏರಿದರೂ ಯಂತ್ರವು ಕೆಸರಿನಲ್ಲಿ ಮುಂದೆ ಸಾಗದಿರುವುದು, ರಬ್ಬರು ಸುಟ್ಟ ವಾಸನೆ, ಕಿರುಚುವ ಶಬ್ದ, ಇವು ಬೆಲ್ಟು ಜಾರುತ್ತಿರುವುದರ ಲಕ್ಷಣಗಳು. ಬೆಲ್ಟಿನ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಅಥವಾ ಒಳಗಿನ ನೂಲು ಹೊರಗೆ ಕಾಣುತ್ತಿದ್ದರೆ ಅದನ್ನು ಬದಲಾಯಿಸತಕ್ಕದ್ದು. ಈ ಬೆಲ್ಟು ತನ್ನ ಓರೆಯಾದ ಪಕ್ಕಗಳಿಂದ ಪುಲ್ಲಿಯ ಗಾಡಿಯನ್ನು ಹಿಡಿದು ಎಳೆಯುವುದೇ ಹೊರತು ತಳದಿಂದಲ್ಲ. ಆದ್ದರಿಂದ ಗಾಡಿಯ ತಳವು ಉಜ್ಜಿ ಹೊಳೆಯುತ್ತಿದ್ದರೆ ಬೆಲ್ಟಾಗಲಿ ಪುಲ್ಲಿಯಾಗಲಿ ಸವೆದಿದೆಯೆಂದು ತಿಳಿಯಬೇಕು. ಬೆಲ್ಟು ಸರಿಯಾಗಿದ್ದೂ ಯಂತ್ರವು ಎಳೆಯದಿದ್ದರೆ ದೋಷವು ಕ್ಲಚ್ಚಿನಲ್ಲಿರಬಹುದು. ಅದನ್ನು ಮೆಕ್ಯಾನಿಕ್ಕನಿಗೆ ತೋರಿಸಬೇಕು.

ಹೊಸ ಬೆಲ್ಟಿನ ಆಯ್ಕೆ.— ಹಳೆಯ ಬೆಲ್ಟಿನ ಬೆನ್ನಿನ ಮೇಲಿರುವ ಅಕ್ಷರವನ್ನೂ ಅಂಕೆಯನ್ನೂ ಬರೆದುಕೊಂಡು ಅಂಗಡಿಗೆ ಹೋಗಬೇಕು. ಅಕ್ಷರವು ಅಡ್ಡಳತೆಯನ್ನು ಹೇಳುವುದು: ‘ಎ’ ಎಂದರೆ 13 ಮಿಲಿಮೀಟರು ಅಗಲ, 8 ಮಿಲಿಮೀಟರು ದಪ್ಪ; ‘ಬಿ’ ಎಂದರೆ 17 ಮಿಲಿಮೀಟರು ಅಗಲ, 11 ಮಿಲಿಮೀಟರು ದಪ್ಪ. ಅದರ ಮುಂದಿನ ಅಂಕೆಯು ಸಾಮಾನ್ಯವಾಗಿ ಒಳಸುತ್ತಿನ ಉದ್ದವನ್ನು ಅಂಗುಲಗಳಲ್ಲಿ ಸೂಚಿಸುವುದು. ಅಕ್ಷರ ಅಳಿಸಿದ್ದರೆ ಯಂತ್ರದ ಕೈಪಿಡಿಯನ್ನು ನೋಡಬೇಕು. ಜೊತೆಯಾಗಿ ಓಡುವ ಬೆಲ್ಟುಗಳಲ್ಲಿ ಒಂದೇ ಹರಿದಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯವು ಹಿಗ್ಗಿರುವುದರಿಂದ ಭಾರವೆಲ್ಲವೂ ಹೊಸದೊಂದರ ಮೇಲೆಯೇ ಬಿದ್ದು ಅದೂ ಬೇಗ ಕೆಡುವುದು.

ಬದಲಾಯಿಸುವ ವಿಧಾನ.— ಎಂಜಿನನ್ನು ನಿಲ್ಲಿಸಿ ತಣ್ಣಗಾಗಲು ಬಿಟ್ಟು, ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲನ್ನು ಒತ್ತಿಡಬೇಕು. ಪಂಚೆಯ ಸೆರಗನ್ನೂ ಹೆಗಲ ವಸ್ತ್ರವನ್ನೂ ತೆಗೆದಿರಿಸಬೇಕು. ಬೆಲ್ಟಿನ ಮೇಲಿನ ತಗಡಿನ ಕವಚವನ್ನು ಬಿಚ್ಚಿದ ಮೇಲೆ ಬಿಗಿತವನ್ನು ಸಂಪೂರ್ಣವಾಗಿ ಸಡಿಲಿಸಬೇಕು. ಕೆಲವು ಯಂತ್ರಗಳಲ್ಲಿ ಇದಕ್ಕಾಗಿ ಪ್ರತ್ಯೇಕವಾದ ಪುಲ್ಲಿಯಿರುವುದು. ಕೆಲವುಗಳಲ್ಲಿ ಬೋಲ್ಟುಗಳನ್ನು ಸಡಿಲಿಸಿ ಎಂಜಿನನ್ನೇ ಸರಿಸಬೇಕಾಗುವುದು. ಅನಂತರ ಹೊರಗಡೆಯ ಬೆಲ್ಟಿನಿಂದ ಆರಂಭಿಸಿ ಒಂದೊಂದಾಗಿ ಕೈಯಿಂದಲೇ ತೆಗೆಯಬೇಕು.

ಪುಲ್ಲಿಯ ಗಾಡಿಗಳಲ್ಲಿರುವ ಕೆಸರನ್ನೂ ಎಣ್ಣೆಯನ್ನೂ ಬಟ್ಟೆಯಿಂದ ಒರೆಸಿ, ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಎಣ್ಣೆಯು ರಬ್ಬರಿಗೆ ಶತ್ರು. ಎರಡು ಪುಲ್ಲಿಗಳ ಮುಖಗಳಿಗೆ ದಾರವನ್ನು ಎಳೆದು ಹಿಡಿದು, ಅವು ಒಂದೇ ನೇರದಲ್ಲಿರುವುವೇ ಎಂದು ಪರೀಕ್ಷಿಸುವುದು ಮೇಲು. ಹೊಸ ಬೆಲ್ಟುಗಳನ್ನು ಒಳಗಡೆಯ ಗಾಡಿಯಿಂದ ಆರಂಭಿಸಿ ಹಾಕಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಕೂಡದು. ಹಾಗೆ ಮಾಡಿದರೆ ಹೊರಗೆ ಗಾಯ ಕಾಣದಿದ್ದರೂ ಒಳಗಿನ ನೂಲು ಕಡಿಯುವುದು. ಎಂಜಿನು ತಿರುಗುತ್ತಿರುವಾಗ ಬೆಲ್ಟಿಗೆ ಕೈಹಾಕುವುದಂತೂ ಬೆರಳುಗಳನ್ನು ಕಳೆದುಕೊಳ್ಳುವ ದಾರಿ.

ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಬೇಕು. ಸಡಿಲವಾದರೆ ಜಾರಿ ಸುಡುವುದು. ವಿಪರೀತ ಬಿಗಿಯಾದರೆ ಬೇರಿಂಗುಗಳು ಕೆಡುವುವು. ಕವಚವನ್ನು ಮರಳಿ ಹಾಕಿದ ಬಳಿಕವೇ ಎಂಜಿನನ್ನು ನಡೆಸತಕ್ಕದ್ದು. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಹಿಗ್ಗುವುದರಿಂದ, ಎಂಜಿನನ್ನು ನಿಲ್ಲಿಸಿ ಬಿಗಿತವನ್ನು ಮತ್ತೊಮ್ಮೆ ನೋಡಬೇಕು. ಜಾರುವಿಕೆಯನ್ನು ತಡೆಯಲು ರಾಳವನ್ನಾಗಲಿ ಮೇಣವನ್ನಾಗಲಿ ಹಚ್ಚಕೂಡದು.

ಕಾಪಾಡುವ ರೀತಿ.— ಕೆಲಸವಿಲ್ಲದ ತಿಂಗಳುಗಳಲ್ಲಿ ಬಿಗಿತವನ್ನು ಸಡಿಲಿಸಿಡುವುದು ಒಳ್ಳೆಯದು. ಹೆಚ್ಚಿನ ಬೆಲ್ಟುಗಳನ್ನು ಮೊಳೆಗೆ ನೇತುಹಾಕದೆ, ಬಿಸಿಲೂ ಎಣ್ಣೆಯೂ ಇಲಿಗಳ ಕಾಟವೂ ಇಲ್ಲದ ತಂಪಾದ ಸ್ಥಳದಲ್ಲಿಡಬೇಕು.

ಗ್ರಾಮದ ಮುಖಂಡರು ಮುಂಗಾರಿಗೆ ಮುಂಚೆಯೇ ತಮ್ಮ ಊರಿನ ಟಿಲ್ಲರುಗಳ ಬೆಲ್ಟಿನ ಅಳತೆಗಳನ್ನು ಒಂದು ಪಟ್ಟಿಯಲ್ಲಿ ಬರೆಯಿಸಿ, ಪ್ರತಿಯೊಂದು ಅಳತೆಯ ಒಂದೊಂದು ಜೊತೆಯನ್ನು ಊರಿನಲ್ಲಿಯೇ ಇರಿಸಿಕೊಳ್ಳುವಂತೆ ಏರ್ಪಡಿಸಿದರೆ ಬಹಳ ಉಪಕಾರವಾಗುವುದು. ಸ್ವಂತ ಯಂತ್ರವಿಲ್ಲದ ಸಣ್ಣ ಹಿಡುವಳಿದಾರರ ಗದ್ದೆಗಳೂ ಜಮೀನುದಾರರ ಟಿಲ್ಲರುಗಳನ್ನೇ ಕಾದುಕೊಂಡಿರುವುವು. ಒಬ್ಬರ ಬೆಲ್ಟು ಹರಿದರೆ ಹಲವರ ನಾಟಿ ನಿಲ್ಲುವುದೆಂಬುದನ್ನು ಯಾರೂ ಮರೆಯಲಾಗದು.