ಕರುಳಿನಲ್ಲೇ ಉತ್ತರ ಹುಡುಕಿದ ಶಂಭುನಾಥ ಡೇ

ಕಾಲರಾ ಉಲ್ಬಣಿಸಿದರೆ ರೋಗಿಯ ದೇಹದಿಂದ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹರಿದುಹೋಗಬಲ್ಲದು. ಬೆಳಿಗ್ಗೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು ಸಂಜೆಯೊಳಗೆ ಸಾಯುತ್ತಿದ್ದುದು ಹೀಗೆ. ಕಲ್ಕತ್ತೆಗೆ ಬಂದಿದ್ದ ಜರ್ಮನಿಯ ರಾಬರ್ಟ್ ಕಾಖ್ 1884ರಲ್ಲಿ ಈ ರೋಗದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ಅದು ಯಾವುದೋ ವಿಷ ಸುರಿಸುತ್ತಿರಬೇಕು ಎಂದೂ ಊಹಿಸಿದರು. ಆ ಊಹೆ ರುಜುವಾತಾಗಲು 75 ವರ್ಷ ಹಿಡಿಯಿತು. ರುಜುವಾತುಪಡಿಸಿದವರು ಅದೇ ಊರಿನ ವೈದ್ಯ, ಶಂಭುನಾಥ ಡೇ.

1915ರಲ್ಲಿ ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಡೇ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿದರು. ಲಂಡನ್ನಿನಲ್ಲಿ ರಾಯ್ ಕ್ಯಾಮರಾನ್ ಅವರ ಬಳಿ ಪಿಎಚ್.ಡಿ. ಮುಗಿಸಿ 1949ರಲ್ಲಿ ಮರಳಿದರು. ಆಮೇಲಿನ ಕೆಲಸವೆಲ್ಲ ಕಲ್ಕತ್ತೆಯಲ್ಲೇ. ಮೆಡಿಕಲ್ ಕಾಲೇಜಿನ ಪಾಠದ ಜೊತೆಜೊತೆಗೇ.

ಕಾಲರಾ ಕರುಳಿನ ಕಾಯಿಲೆ; ಪರೀಕ್ಷೆಯೂ ಅಲ್ಲೇ ನಡೆಯಬೇಕು ಎಂಬುದು ಡೇ ಹಿಡಿದ ದಾರಿ. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ನಡುವೆ ಬ್ಯಾಕ್ಟೀರಿಯಾ ಸೇರಿಸಿದರು. ಮರುದಿನ ಆ ತುಂಡು ದ್ರವ ತುಂಬಿ ಉಬ್ಬಿತ್ತು. 1953ರಲ್ಲಿ ಈ ವಿಧಾನ ಪ್ರಕಟವಾಯಿತು. ಆದರೆ ದ್ರವ ಸುರಿಸಿದ್ದು ಜೀವಂತ ಬ್ಯಾಕ್ಟೀರಿಯಾವೋ, ಅದು ಬಿಟ್ಟ ವಿಷವೋ? ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ಜೀವಾಣು ಉಳಿಯದಂತೆ ಮಾಡಿ, ಬರೀ ಸೋಸಿದ ನೀರನ್ನೇ ಕರುಳಿಗೆ ಬಿಟ್ಟರು. ಆಗಲೂ ಕರುಳು ಉಬ್ಬಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪುಟ್ಟ ಪ್ರಬಂಧ ಕಾಲರಾ ವಿಷ ಇದೆಯೆಂಬುದನ್ನು ತೋರಿಸಿಕೊಟ್ಟಿತು. ದಾರ, ಸೂಜಿ, ಸೋಸುಕ, ಮೊಲ: ಇಷ್ಟರಲ್ಲೇ ಮುಗಿದ ಕೆಲಸ ಅದು.

ಈ ವಿಷ ಕರುಳಿನ ಒಳಪದರವನ್ನು ಹರಿದುಹಾಕುವುದಿಲ್ಲ, ಅಲ್ಲಿನ ಜೀವಕೋಶಗಳು ಲವಣವನ್ನೂ ಅದರ ಬೆನ್ನಿಗೇ ನೀರನ್ನೂ ಹೊರಬಿಡುವಂತೆ ಮಾಡುತ್ತದೆ ಎಂಬುದು ಮುಂದಿನ ವರ್ಷಗಳಲ್ಲಿ ತಿಳಿಯಿತು. ಕರುಳು ಗಾಯಗೊಂಡಿಲ್ಲವಾದ್ದರಿಂದ ಸಕ್ಕರೆಯ ಜೊತೆ ಉಪ್ಪು ಕೊಟ್ಟರೆ ಅದು ನೀರನ್ನು ಹೀರಿಕೊಳ್ಳುತ್ತದೆ. ಸಕ್ಕರೆ, ಉಪ್ಪು ಬೆರೆಸಿದ ಓಆರ್‌ಎಸ್ ದ್ರಾವಣ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಾಬಿಸ್ ಇದನ್ನು ಕುಡಿಸಿಯೇ ಕಾಲರಾ ಸಾವುಗಳನ್ನು ತೀರಾ ಕೆಳಗಿಳಿಸಿದರು.

ಡೇ 1973ರಲ್ಲಿ ನಿವೃತ್ತರಾದರು. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಿರಲಿಲ್ಲ. ಹೊರಗಿನವರಿಗೆ ಅವರ ಬೆಲೆ ಗೊತ್ತಿತ್ತು: ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಡೇ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು, 1978ರ ನೊಬೆಲ್ ವಿಚಾರಗೋಷ್ಠಿಗೂ ಆಹ್ವಾನ ಬಂದಿತ್ತು. 1985ರಲ್ಲಿ ಡೇ ತೀರಿಕೊಂಡರು. ಐದು ವರ್ಷಗಳ ಬಳಿಕ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಅವರ ಕುರಿತೇ ವಿಶೇಷ ಸಂಚಿಕೆ ತಂದಿತು.

ಕಾಲರಾದ ಪಾಠ ಮಾಡುವಾಗ ನಮ್ಮ ಮಕ್ಕಳಿಗೆ ಕಾಖ್ ಹೆಸರಿನ ಜೊತೆ ಡೇ ಹೆಸರನ್ನೂ ಹೇಳಬೇಕು. ಬ್ಯಾಕ್ಟೀರಿಯಾ ಯಾವುದೆಂದು ಕಾಖ್ ತೋರಿಸಿದರು. ಅದು ಹೇಗೆ ಕೊಲ್ಲುತ್ತದೆಂದು ತಿಳಿಯುವ ಬಾಗಿಲು ತೆರೆದವರು ಡೇ.